ರೈಲಿಲ್ಲದ ನಾಡಿನಲ್ಲಿ ಒಂದು ರೈಲೂರಿನ ಕಥೆ

ಹೊರಡುವ ಮೊದಲು

ನಮ್ಮ ಕುಟುಂಬದಲ್ಲಿ ಯಾರಾದರೂ ತಪ್ಪು ದಾರಿ ಹಿಡಿದಿದ್ದಾರೆ ಅನ್ನಿಸಿದರೆ ನನ್ನನ್ನು ಕರೆಸುವ ಪದ್ಧತಿ ಇದೆ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು, ಮದುವೆಯಾಗದವಳು, ಬೇಸಿಗೆಯಲ್ಲಿ ಉದ್ದ ರಜೆ ಇರುವವಳು. ಇಷ್ಟು ಸೇರಿದರೆ ಬುದ್ಧಿ ಹೇಳುವ ಅರ್ಹತೆ ತಾನಾಗಿ ಬರುತ್ತದೆ ಎಂದು ನಮ್ಮವರು ನಂಬಿದ್ದಾರೆ. ಅದುವರೆಗೆ ನಾನು ಬುದ್ಧಿ ಹೇಳಲು ಹೋದದ್ದು ಹೆಚ್ಚೆಂದರೆ ಕುಂದಾಪುರದವರೆಗೆ. ತೊಂಬತ್ತರ ದಶಕದ ಆರಂಭದ ಒಂದು ಸಂಜೆ ಪಕ್ಕದ ಮನೆಯ ಫೋನಿಗೆ ಓಮಾನಿನಿಂದ ವನಜಕ್ಕ ಕರೆ ಮಾಡಿದಳು.

"ಸುಮತಿ, ನಿನ್ನ ಭಾವನಿಗೆ ಎಂತದೋ ಆಗಿದೆ. ಊರಿಗೆ ಬಂದು ಲಾಡ್ಜ್ ಕಟ್ಟುತ್ತಾರಂತೆ."

ವಿಷಯ ಇಷ್ಟು. ಕರಾವಳಿಯ ಉದ್ದಕ್ಕೂ ಹೊಸ ರೈಲು ದಾರಿ ಬರುತ್ತದೆಂದು ಸರ್ವೆ ನಡೆಯುತ್ತಿತ್ತು. ಭಾವ ಸದಾನಂದರ ಊರಾದ ಬೊಳ್ಳಬೆಟ್ಟಿನ ಗದ್ದೆಗಳಲ್ಲಿ ಯಾರೋ ಬಂದು ಕೆಂಪು ಬಣ್ಣದ ಗೂಟ ಹೊಡೆದು ಹೋಗಿದ್ದರು. ಆ ಸುದ್ದಿ ಓಮಾನಿನಲ್ಲಿ ಅವರಿದ್ದ ನಿಜ್ವಾಕ್ಕೆ ತಲುಪುವಷ್ಟರಲ್ಲಿ ಗೂಟಗಳು ಹಳಿಗಳಾಗಿ, ಹಳಿಗಳ ಪಕ್ಕದಲ್ಲಿ ಸ್ಟೇಷನ್ ಎದ್ದು, ಸ್ಟೇಷನ್ನಿನ ಎದುರು ಭಾವನ ಮೂರು ಮಾಳಿಗೆಯ ಲಾಡ್ಜ್ ನಿಂತಿತ್ತು. ಅವರು ಬಾವಿ ಕೊರೆಯುವ ಕಂಪೆನಿಯೊಂದರ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಆ ಕೆಲಸಕ್ಕೆ ರಾಜೀನಾಮೆ ಕೊಡುವುದು ಮಾತ್ರ ಬಾಕಿ.

"ಸ್ಟೇಷನ್ ಬರ್ತದೆ ಅಂತ ಯಾರು ಹೇಳಿದ್ದು?" ಎಂದು ಕೇಳಿದೆ.

"ಯಾರೂ ಹೇಳ್ಲಿಲ್ಲ. ರೈಲು ಬಂದ ಮೇಲೆ ನಮ್ಮೂರಲ್ಲಿ ನಿಲ್ಲದೆ ಹೋಗ್ತದಾ ಅಂತ ಕೇಳ್ತಾರೆ. ನೀನು ಬಂದು ಮಾತಾಡು ಮಾರಾಯ್ತಿ."

ಸೀಬ್ ವಿಮಾನ ನಿಲ್ದಾಣ

ಮೊದಲ ವಿಮಾನ ಪ್ರಯಾಣದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ಇಳಿದ ಮೇಲೆ ಕಣ್ಣು ಬಿಡಲೇಬೇಕಾಯಿತು, ಏಕೆಂದರೆ ಕಸ್ಟಮ್ಸಿನ ಅಧಿಕಾರಿ ನನ್ನ ಪೆಟ್ಟಿಗೆಯಿಂದ ಅಕ್ಕನಿಗೆಂದು ತಂದಿದ್ದ ಹೆರೆಮಣೆಯನ್ನು ಎತ್ತಿ ಹಿಡಿದಿದ್ದ.

ತೆಂಗಿನಕಾಯಿ ತುರಿಯುವ ಮಣೆ ನಮಗೆ ಅಡುಗೆ ಮನೆಯ ಸಾಧು ವಸ್ತು. ವಿಮಾನ ನಿಲ್ದಾಣದ ಬಿಳಿ ದೀಪದ ಕೆಳಗೆ ಅದರ ಹಲ್ಲಿನ ಕಬ್ಬಿಣ ನೋಡಿದಾಗ ನನಗೇ ಸ್ವಲ್ಪ ಹೆದರಿಕೆಯಾಯಿತು. ಅಧಿಕಾರಿಗೆ ಅರಬ್ಬಿ ಬರುತ್ತಿತ್ತು, ನನಗೆ ಇಂಗ್ಲಿಷು. ಎರಡೂ ಹೆರೆಮಣೆಯ ಹತ್ತಿರಕ್ಕೆ ಬರಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಮಣೆಯನ್ನು ನೆಲಕ್ಕಿಟ್ಟು, ಸೀರೆ ಸರಿಪಡಿಸಿಕೊಂಡು, ಅದರ ಮೇಲೆ ಕುಳಿತು, ಗಾಳಿಯಲ್ಲಿ ಒಂದು ತೆಂಗಿನಕಾಯಿ ತುರಿದು ತೋರಿಸಿದೆ. ಸಾಲು ನಿಂತಿತು. ಅಧಿಕಾರಿ ಪಕ್ಕದ ಮೇಜಿನವನನ್ನು ಕರೆದ. ಅವನಿಗಾಗಿ ಇನ್ನೊಮ್ಮೆ ತುರಿದೆ. ಸಾಲಿನ ಹಿಂದಿನಿಂದ ಮಲಯಾಳಿ ಗೃಹಸ್ಥರೊಬ್ಬರು ಏನೋ ವಿವರಿಸಿದರು. ಅಧಿಕಾರಿಯ ಮುಖ ಅರಳಿತು. ತನ್ನ ಉದ್ದ ಬಿಳಿ ಅಂಗಿ ಎತ್ತಿ ಹಿಡಿದು ತಾನೇ ಒಮ್ಮೆ ಮಣೆಯ ಮೇಲೆ ಕುಳಿತು ನೋಡಿ, ಎದ್ದು, "ಯಲ್ಲಾ" ಎಂದು ನನ್ನನ್ನು ಬಿಟ್ಟುಕೊಟ್ಟ. ಹೀಗೆ ನಾನು ಓಮಾನನ್ನು ಪ್ರವೇಶಿಸಿದೆ.

ಹೊರಗೆ ಭಾವ ಒಬ್ಬರೇ ಬಂದಿರಬಹುದೆಂದುಕೊಂಡಿದ್ದೆ. ಅಕ್ಕನೂ ಇದ್ದಳು. ನನ್ನ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಗೆ ಹಾಕಿದ ಭಾವ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತರು. ಅಕ್ಕ ಸ್ಟಿಯರಿಂಗಿನ ಹಿಂದೆ ಕುಳಿತಳು.

"ನೀನಾ?" ಎಂದೆ.

"ಲೈಸನ್ಸ್ ಉಂಟು. ಬೆಲ್ಟ್ ಹಾಕಿಕೋ" ಎಂದಳು.

ಉಡುಪಿಯಲ್ಲಿ ರಸ್ತೆ ದಾಟಲು ನನ್ನ ಕೈ ಹಿಡಿದುಕೊಳ್ಳುತ್ತಿದ್ದ ಅಕ್ಕ ಇವಳು. ಈಗ ಬೆಟ್ಟಗಳ ನಡುವಿನ ದಾರಿಯಲ್ಲಿ ಲಾರಿಗಳನ್ನು ಹಿಂದೆ ಹಾಕುತ್ತಾ, ಅತ್ತೆಯ ಮೊಣಕಾಲಿನ ವಿಚಾರ ಕೇಳುತ್ತಿದ್ದಳು. ಬೆಟ್ಟಗಳ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಯಾರೋ ಈಗಷ್ಟೇ ಅಗೆದು ರಾಶಿ ಹಾಕಿ, ಗಿಡ ನೆಡಲು ಮರೆತು ಹೋದಂತಿತ್ತು. ಪೆಟ್ರೋಲ್ ಪಂಪಿನಲ್ಲಿ ಅಕ್ಕ ಅಲ್ಲಿನ ಮುದುಕನಿಗೆ ಸಲಾಂ ಹೇಳಿದಳು. ಅವನು ಇವಳ ಆರೋಗ್ಯ ಕೇಳಿದ, ಇವಳು ಅವನ ಆರೋಗ್ಯ ಕೇಳಿದಳು. ಮನೆಯ ಸುದ್ದಿ, ಮಕ್ಕಳ ಸುದ್ದಿ, ಮತ್ತೆ ಒಟ್ಟಾರೆ ಸುದ್ದಿ ಕೇಳಿ ಮುಗಿಯಿತು. ಹಿಂದೆ ನಿಂತ ಕಾರಿನವರು ಹಾರ್ನ್ ಹೊಡೆಯಲಿಲ್ಲ. ತಮ್ಮ ಸರದಿಯಲ್ಲಿ ಅವರೂ ಇದನ್ನೆಲ್ಲ ಕೇಳಲಿಕ್ಕಿತ್ತು.

ಹಿಂದಿನ ಸೀಟಿನಿಂದ ಭಾವ ಮುಂದಕ್ಕೆ ಬಾಗಿ, "ಸುಮತಿ, ಗೂಟ ನೋಡಿದ್ಯಾ? ನಮ್ಮ ಗದ್ದೆಯಿಂದ ಎಷ್ಟು ದೂರ ಉಂಟು?" ಎಂದು ಕೇಳಿದರು.

ನಿಜ್ವಾ

ಭಾವನಿಗೆ ಬುದ್ಧಿ ಹೇಳುವ ನನ್ನ ಪ್ರಯತ್ನ ಮರುದಿನ ಬೆಳಿಗ್ಗೆ ಚಹಾದ ಜೊತೆಗೆ ಆರಂಭವಾಗಿ ಚಹಾ ಮುಗಿಯುವ ಮೊದಲೇ ಸೋತಿತು. ಅವರು ಒಳ್ಳೆಯ ಮನುಷ್ಯರು, ಜಗಳವಾಡುವುದಿಲ್ಲ. ನಾನು ಹೇಳಿದ್ದಕ್ಕೆಲ್ಲ "ಹೌದು, ಹೌದು" ಎನ್ನುತ್ತಾ, ಕೊನೆಗೆ ಲಾಡ್ಜಿಗೆ ಹೆಸರೇನಿಡಬಹುದು ಎಂದು ನನ್ನನ್ನೇ ಕೇಳಿದರು. ಕೆಳಗಡೆ ಊಟದ ಹೋಟೆಲು, ಮೇಲೆ ಕೋಣೆಗಳು. ಎದುರಿನ ಕೋಣೆಗಳಿಂದ ರೈಲು ಕಾಣಬೇಕು. ಇದನ್ನು ಹೇಳುವಾಗ ಅವರ ಕಣ್ಣು ಕಿಟಕಿಯಾಚೆಯ ಖರ್ಜೂರದ ತೋಟದ ಮೇಲಿತ್ತು, ಆದರೆ ನೋಡುತ್ತಿದ್ದದ್ದು ಬೊಳ್ಳಬೆಟ್ಟನ್ನು. ರೈಲು ಎಂಬ ವಸ್ತುವೇ ಇಲ್ಲದ ದೇಶದಲ್ಲಿ ಇಷ್ಟು ವರ್ಷ ಕಳೆದವರಿಗೆ ರೈಲಿನ ಮೇಲೆ ಹೀಗೆ ಮೋಹ ಹುಟ್ಟಿದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಭಾವ ಕೆಲಸಕ್ಕೆ ಹೋದ ಮೇಲೆ ಅಕ್ಕ ನನ್ನನ್ನು ಊರು ತೋರಿಸಲು ಕರೆದೊಯ್ಯುತ್ತಿದ್ದಳು. ಕೋಟೆ ನೋಡಿದೆ. ಶುಕ್ರವಾರದ ಆಡಿನ ಸಂತೆಯಲ್ಲಿ ಮಾರುವವರು ಆಡುಗಳನ್ನು ಹಿಡಿದು ಸುತ್ತು ಹೊಡೆಯುತ್ತಾರೆ, ಕೊಳ್ಳುವವರು ನಡುವೆ ಕುಳಿತು ನೋಡುತ್ತಾರೆ. ನಾನು ನೆರಳು ಹುಡುಕುತ್ತಾ ತಿಳಿಯದೆ ಸುತ್ತುವವರ ಸಾಲಿಗೆ ಸೇರಿ ಒಂದು ಸುತ್ತು ಬಂದುಬಿಟ್ಟೆ. ಯಾರೂ ನಗಲಿಲ್ಲ. ಅಲ್ಲಿನವರ ಮರ್ಯಾದೆ ಅಷ್ಟು ದೊಡ್ಡದು. ನಕ್ಕವಳು ಅಕ್ಕ ಒಬ್ಬಳೇ.

ಪೇಟೆಯಲ್ಲಿ ಎಲ್ಲರಿಗೂ ಅಕ್ಕನ ಪರಿಚಯ. ತರಕಾರಿಯವನು, ಆಸ್ಪತ್ರೆಯ ಮಲಯಾಳಿ ನರ್ಸುಗಳು, ದರ್ಜಿ ಅಂಗಡಿಯ ಪಾಕಿಸ್ತಾನಿ ಅಜ್ಜ, ಎಲ್ಲರೂ "ವನಜಾ, ವನಜಾ" ಎನ್ನುತ್ತಿದ್ದರು. ಅವಳ ಹೆಸರನ್ನು ಒಂದೇ ದಿನ ಇಷ್ಟು ಸಲ ನಾನು ಹಿಂದೆ ಕೇಳಿರಲಿಲ್ಲ.

ನೀರು ಬಿಟ್ಟುಹೋದ ಊರು

ಒಂದು ಸಂಜೆ ಅಕ್ಕನವರು ಬಾಡಿಗೆಗಿದ್ದ ಮನೆಯ ಮಾಲೀಕ ಸಾಲಿಂ ನಮ್ಮನ್ನು ತನ್ನ ಅಜ್ಜನ ಊರು ನೋಡಲು ಕರೆದ. ಭಾವನ ಕಂಪೆನಿಯ ಅಮೆರಿಕನ್ ಸಾಹೇಬರೂ ಬಂದರು. ಅವರ ಹೆಸರು ಹ್ಯಾರಲ್ಡ್. ಅರುವತ್ತು ದಾಟಿದ, ಕೆಂಪು ಮುಖದ, ಯಾವಾಗಲೂ ಟೋಪಿ ಹಾಕಿದ ಮನುಷ್ಯ. ಬಾವಿ ಕೊರೆಸುವವರಾದ್ದರಿಂದ ಅಲ್ಲಿನವರು ಅವರನ್ನು 'ಅಬು ಬೀರ್' ಎನ್ನುತ್ತಿದ್ದರು, ಬಾವಿಯ ಅಪ್ಪ ಎಂಬ ಅರ್ಥದಲ್ಲಿ. ನಮ್ಮ ಕಡೆಯವರು ಅದಕ್ಕೆ ಬೇರೆ ಅರ್ಥ ಕಲ್ಪಿಸಿ, ಪಾಪ, ಹಾಲು ಬಿಟ್ಟು ಬೇರೇನೂ ಕುಡಿಯದ ಅವರ ಬಗ್ಗೆ ವರ್ಷಗಟ್ಟಲೆ ತಪ್ಪು ತಿಳಿದಿದ್ದರು.

ಸಾಲಿಂನ ಅಜ್ಜನ ಊರಿನಲ್ಲಿ ಒಬ್ಬರೂ ಇರಲಿಲ್ಲ. ಮಣ್ಣಿನ ಮನೆಗಳು ಒಂದರ ಮೇಲೊಂದು ಒರಗಿ ನಿಂತಿದ್ದವು. ಚಾವಣಿ ಕುಸಿದಿತ್ತು, ಕೆತ್ತನೆಯ ಬಾಗಿಲುಗಳು ಮಾತ್ರ ಗಟ್ಟಿಯಾಗಿದ್ದವು. ಬೆಟ್ಟದ ಬುಡದಿಂದ ನೀರು ತರುತ್ತಿದ್ದ ಕಾಲುವೆ ಬತ್ತಿತ್ತು.

"ಜನ ಎಲ್ಲಿ ಹೋದರು?" ಎಂದು ನಾನು ಹಿಂದಿಯಲ್ಲಿ ಕೇಳಿದೆ.

"ಪಾನಿ ಖಲಾಸ್, ನಫರ್ ಖಲಾಸ್" ಎಂದ ಸಾಲಿಂ. ನೀರು ಮುಗಿಯಿತು, ಜನ ಮುಗಿದರು. ಅವನ ದನಿಯಲ್ಲಿ ದುಃಖವೇನೂ ಇರಲಿಲ್ಲ. ಹೊಸ ಊರು ಗುಡ್ಡದ ಆಚೆ ಇದೆ, ಅಲ್ಲಿ ಅವನ ತಮ್ಮನ ಮನೆಯಲ್ಲಿ ಹಲ್ವಾ ಕಾಯುತ್ತಿದೆ ಎಂದ.

ಹ್ಯಾರಲ್ಡ್ ಟೋಪಿ ತೆಗೆದು ನಿಂತಿದ್ದರು. "ನಮ್ಮೂರೂ ಹೀಗೇ ಆಯಿತು" ಎಂದರು.

ಅಕ್ಕ ನನ್ನನ್ನು ಮೆಲ್ಲಗೆ ತಿವಿದಳು. ಅವರು 'ನಮ್ಮೂರಿನಲ್ಲಿ' ಎಂದು ಆರಂಭಿಸಿದ ಕೂಡಲೇ ಕಂಪೆನಿಯ ಜನರಿಗೆಲ್ಲ ಅರ್ಜೆಂಟು ಕೆಲಸ ನೆನಪಾಗುತ್ತಿತ್ತಂತೆ. ಆದರೆ ನಾನು ಇತಿಹಾಸ ಹೇಳುವ ಟೀಚರ್ ಎಂದು ಅವರಿಗೆ ಗೊತ್ತಾಗಿಹೋಗಿತ್ತು.

ಅವರ ಊರು ಅಮೆರಿಕದ ಮಧ್ಯದಲ್ಲಿ, ಜೋಳದ ಹೊಲಗಳ ನಡುವೆ. ಅದನ್ನು ಹುಟ್ಟಿಸಿದ್ದು ರೈಲು. ಹಬೆಯ ಎಂಜಿನ್ನಿಗೆ ಆಗಾಗ ನೀರು ಬೇಕು, ಆದ್ದರಿಂದ ದಾರಿಯುದ್ದಕ್ಕೂ ನೀರಿನ ತೊಟ್ಟಿಗಳು, ತೊಟ್ಟಿಗೊಂದು ಊರು. ದಾರಿ ಹಾಕಿಸಿದ ಅಧಿಕಾರಿ ತನ್ನ ಹೆಣ್ಣುಮಕ್ಕಳ ಹೆಸರನ್ನು ಒಂದೊಂದು ಊರಿಗೆ ಇಡುತ್ತಾ ಬಂದ. ಇವರ ಊರಿನ ಹತ್ತಿರ ಬರುವಾಗ ಹೆಣ್ಣುಮಕ್ಕಳು ಮುಗಿದಿದ್ದರು. ಹಾಗಾಗಿ ನಾಯಿಯ ಹೆಸರಿಟ್ಟ. ಊರಿನ ಹೆಸರು ರೋವರ್.

"ಈಗ ಅಲ್ಲಿ ಎಷ್ಟು ಜನ ಇದ್ದಾರೆ?" ಎಂದು ಕೇಳಿದೆ.

"ಒಂದು ಬಸ್ಸಿನಲ್ಲಿ ಹಿಡಿಸುವಷ್ಟು. ಬಸ್ಸು ಇಲ್ಲ" ಎಂದರು. "ಎಂಜಿನ್ ಡೀಸೆಲ್ ಆಯಿತು, ನೀರು ಬೇಡವಾಯಿತು. ರೈಲು ನಿಲ್ಲುವುದನ್ನು ಬಿಟ್ಟಿತು."

ಇದನ್ನು ಅಕ್ಕನಿಗೆ ತುಳುವಿನಲ್ಲಿ ಹೇಳಿದೆ. ಅವಳು ಕಣ್ಣು ಅಗಲಿಸಿ ಕೇಳಿ, ಹ್ಯಾರಲ್ಡರ ಕಡೆ ತಿರುಗಿ, ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ, ಶುಕ್ರವಾರ ಊಟಕ್ಕೆ ಬರಬೇಕೆಂದೂ ಈ ಕಥೆಯನ್ನು ತನ್ನ ಗಂಡನಿಗೆ ಪೂರ್ತಿ ಹೇಳಬೇಕೆಂದೂ ಆಹ್ವಾನಿಸಿದಳು. ಆ ಮನುಷ್ಯನ ಮುಖ ನೋಡಬೇಕಿತ್ತು. ಊರಿನ ಕಥೆ ಹೇಳಿ ಎಂದು ಅವರನ್ನು ಯಾರೂ ಅದುವರೆಗೆ ಕೇಳಿರಲಿಲ್ಲ.

ಶುಕ್ರವಾರದ ಊಟ

ಊಟಕ್ಕೆ ಕೋರಿ ರೊಟ್ಟಿ. ಗರಿಗರಿ ಅಕ್ಕಿ ರೊಟ್ಟಿಗೆ ಕೋಳಿ ಸಾರು ಸುರಿದು ನೆನೆಸಿ ತಿನ್ನಬೇಕೆಂದು ಹ್ಯಾರಲ್ಡರಿಗೆ ಹೇಳುವುದಕ್ಕೆ ಮರೆತೆವು. ಅವರು ಒಣ ರೊಟ್ಟಿಯನ್ನೇ ಕೈಗೆತ್ತಿಕೊಂಡು ಕಚ್ಚಿದರು. ಅದು ಗಾಜಿನಂತೆ ಒಡೆದು ಮೇಜಿನ ತುಂಬ ಹರಡಿತು. ಚೂರುಗಳನ್ನು ಒಂದೊಂದೇ ಹೆಕ್ಕಿ ತಿನ್ನುತ್ತಾ, ತುಂಬ ರುಚಿಯಾಗಿದೆ ಎನ್ನುತ್ತಾ, ಕಥೆ ಆರಂಭಿಸಿದರು. ನಾನು ಅಕ್ಕನಿಗೆ ಅನುವಾದ ಮಾಡುತ್ತಾ ಹೋದೆ. ಭಾವನಿಗೆ ಅನುವಾದ ಬೇಕಿರಲಿಲ್ಲ, ಆದರೂ ಊರು ಹಾಳಾದ ಭಾಗ ಬಂದಾಗ ಅವರಿಗೂ ಕೇಳಿಸುವಂತೆ ಜೋರಾಗಿ ಹೇಳಲು ಅಕ್ಕ ಮೊದಲೇ ತಾಕೀತು ಮಾಡಿದ್ದಳು.

ಕಥೆಯಲ್ಲಿ ಹ್ಯಾರಲ್ಡರ ಅಜ್ಜ ಬಂದರು. ಅಜ್ಜ ರೋವರ್ ಸ್ಟೇಷನ್ನಿನ ಎದುರು ಒಂದು ಹೋಟೆಲ್ ನಡೆಸುತ್ತಿದ್ದರು.

ಭಾವನ ಕೈ ತಟ್ಟೆಯಲ್ಲೇ ನಿಂತಿತು. "ಸ್ಟೇಷನ್ನಿನಿಂದ ಎಷ್ಟು ದೂರ?"

"ರಸ್ತೆ ದಾಟಿದರೆ ಹೋಟೆಲ್."

"ಕೋಣೆಗಳು ಇದ್ದವಾ?"

"ಮೇಲೆ ಕೋಣೆ, ಕೆಳಗೆ ಊಟ. ನಾನು ಹುಟ್ಟಿದ್ದು ಅಲ್ಲಿನ ನಾಲ್ಕನೇ ನಂಬರ್ ಕೋಣೆಯಲ್ಲಿ. ಬೇರೆ ಕೋಣೆಗಳೆಲ್ಲ ಭರ್ತಿಯಾಗಿದ್ದವಂತೆ."

ಭಾವ ಅಕ್ಕನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ. ಪರೀಕ್ಷೆಯಲ್ಲಿ ಪಾಸಾದ ಹುಡುಗ ಹಾಗೆ ನೋಡುತ್ತಾನೆ.

ಅಕ್ಕ ನನ್ನನ್ನು ಮೇಜಿನ ಕೆಳಗೆ ಒದ್ದಳು. ನಾನು ಅವಸರವಾಗಿ, "ಆಮೇಲೆ ಏನಾಯಿತು ಹೇಳಿ, ಡೀಸೆಲ್ ಬಂತಲ್ಲ" ಎಂದೆ. ಹ್ಯಾರಲ್ಡ್ ಹೇಳಿದರು. ಮೊದಲು ದೊಡ್ಡ ರೈಲು ನಿಲ್ಲುವುದು ಬಿಟ್ಟಿತು, ಆಮೇಲೆ ಸಣ್ಣದು. ಸ್ಟೇಷನ್ ಕಟ್ಟಡವನ್ನು ರೈತನೊಬ್ಬ ಕೊಂಡು ಎತ್ತಿಕೊಂಡು ಹೋಗಿ ಅದರಲ್ಲಿ ಹಂದಿ ಸಾಕಿದ. ಹೋಟೆಲನ್ನು ಒಡೆದು ಮರ ಮಾರಿದರು. ನಾನು ಇದನ್ನೆಲ್ಲ ಸಾಧ್ಯವಾದಷ್ಟು ಶೋಕದಿಂದ ತುಳುವಿಗೆ ಇಳಿಸಿದೆ. ಹಂದಿಯ ವಿಷಯವನ್ನು ಎರಡು ಸಲ ಹೇಳಿದೆ.

"ಹೋಟೆಲ್ ಎಷ್ಟು ವರ್ಷ ನಡೆಯಿತು?" ಭಾವ ಕೇಳಿದರು.

"ಅಜ್ಜನ ಕಾಲ ಪೂರ್ತಿ, ಅಪ್ಪನ ಕಾಲ ಪೂರ್ತಿ."

"ಸಾಕಲ್ವಾ?" ಎಂದರು ಭಾವ ನಮ್ಮಿಬ್ಬರಿಗೂ. "ನಾನು ಅಷ್ಟು ವರ್ಷ ಬದುಕುವುದೇ ಇಲ್ಲ."

ಅಕ್ಕನ ಆಟ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಹ್ಯಾರಲ್ಡ್ ಹುರುಪಿನಿಂದ ಕುರ್ಚಿ ಮುಂದಕ್ಕೆಳೆದುಕೊಂಡರು. "ಸದಾನಂದ, ನಿಮ್ಮೂರಲ್ಲಿ ಸ್ಟೇಷನ್ ಎಲ್ಲಿ ಬರುತ್ತದೆ?"

"ಅದು ಇನ್ನೂ ಗೊತ್ತಾಗಿಲ್ಲ."

ಹ್ಯಾರಲ್ಡ್ ನಕ್ಕುಬಿಟ್ಟರು. ಹಾಗಾದರೆ ಇದರ ಹಿಂದಿನ ಕಥೆ ಕೇಳಬೇಕು ಎಂದರು.

ರೈಲಿಗಿಂತ ಮೊದಲು ಅಲ್ಲೇ ಹತ್ತಿರ ಒಂದು ಹಳ್ಳಿ ಇತ್ತು. ರೈಲು ತಮ್ಮ ಹಳ್ಳಿಗೇ ಬರುತ್ತದೆಂದು ಅಲ್ಲಿನವರಿಗೆ ಸಂಶಯವೇ ಇರಲಿಲ್ಲ. ಬಾರದೆ ಎಲ್ಲಿಗೆ ಹೋಗುತ್ತದೆ? ಒಬ್ಬ ಅಂಗಡಿಕಾರ ಸ್ಟೇಷನ್ ಬರುವ ಜಾಗವನ್ನು ತಾನೇ ಅಂದಾಜು ಮಾಡಿ, ಎದುರಿಗೆ ಇಟ್ಟಿಗೆಯ ದೊಡ್ಡ ಹೋಟೆಲ್ ಕಟ್ಟಿಸಿದ. ಆದರೆ ರೈಲಿನವರು ಬಾವಿ ತೋಡಿದಾಗ ಒಳ್ಳೆಯ ನೀರು ಸಿಕ್ಕಿದ್ದು ಎರಡು ಮೈಲು ಆಚೆ. ರೈಲು ಅಲ್ಲಿಗೆ ಹೋಯಿತು.

"ಆಮೇಲೆ?" ಎಂದರು ಭಾವ.

"ಊರು ರೈಲಿನ ಹಿಂದೆ ಹೋಯಿತು."

ನನಗೆ ಅರ್ಥವಾಗಲಿಲ್ಲ. ಜನ ಹೋದರಾ ಎಂದು ಕೇಳಿದೆ. ಊರು, ಎಂದರು ಅವರು. ಮನೆಗಳೆಲ್ಲ ಮರದವು. ಚಳಿಗೆ ನೆಲ ಗಟ್ಟಿಯಾದ ಮೇಲೆ ಒಂದೊಂದೇ ಮನೆಯನ್ನು ಎಬ್ಬಿಸಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಎತ್ತು ಕುದುರೆ ಕಟ್ಟಿ ಎಳೆದುಕೊಂಡು ಹೋದರು. ಅವರ ಅಜ್ಜಿ ಒಲೆ ಆರಿಸಲು ಒಪ್ಪದ್ದರಿಂದ ಮನೆ ಹೊಗೆ ಬಿಡುತ್ತಲೇ ಹೊಲ ದಾಟಿತು. ಜೈಲನ್ನು ಎಳೆದೊಯ್ಯುವಾಗ ಒಳಗೊಬ್ಬ ಕುಡುಕ ಮಲಗಿದ್ದನ್ನು ಯಾರೂ ಗಮನಿಸಲಿಲ್ಲ. ಎದ್ದವನು ಕಿಟಕಿಯಲ್ಲಿ ಬೇರೆ ಊರು ಕಂಡು ಇನ್ನು ಮುಂದೆ ಕುಡಿಯುವುದಿಲ್ಲವೆಂದು ಆಣೆ ಮಾಡಿದ. ಇಗರ್ಜಿ ಮಾತ್ರ ಅರ್ಧ ದಾರಿಯಲ್ಲಿ ಕೆಸರಿಗೆ ಹೂತುಹೋಯಿತು. ಮುಂದಿನ ಚಳಿಯವರೆಗೆ ಎರಡೂ ಕಡೆಯವರು ಜೋಳದ ಹೊಲದ ಮಧ್ಯದಲ್ಲಿ ಪ್ರಾರ್ಥನೆ ಮಾಡಿದರು.

ಅಕ್ಕ ನಗುತ್ತಾ ಕಣ್ಣೊರೆಸಿಕೊಂಡಳು. ನಾನು ನಮ್ಮೂರನ್ನು ನೆನೆದೆ. ನಮ್ಮಲ್ಲಿ ಒಂದು ಗಡಿಕಲ್ಲು ಗೇಣು ಸರಿದರೆ ಎರಡು ತಲೆಮಾರು ಕೋರ್ಟಿಗೆ ಹೋಗುತ್ತದೆ. ಭೂತದ ಗುಡಿಯನ್ನು ಸರಿಸಬೇಕಾದರೆ ಜೋಯಿಸರು ಪ್ರಶ್ನೆ ಇಡಬೇಕು, ಭೂತ ಒಪ್ಪಬೇಕು, ಅದಕ್ಕೂ ಮೊದಲು ದಾಯಾದಿಗಳು ಒಪ್ಪಬೇಕು. ಊರಿಗೆ ಊರೇ ಚಕ್ರವಿಲ್ಲದೆ ಹೊಲದಲ್ಲಿ ನಡೆದುಹೋದದ್ದನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿರಲಿಲ್ಲ.

ಭಾವ ಮಾತ್ರ ನಗಲಿಲ್ಲ. "ಆ ಇಟ್ಟಿಗೆ ಹೋಟೆಲಿನವನು?"

"ಇಟ್ಟಿಗೆಯನ್ನು ಎಳೆಯಲಿಕ್ಕಾಗುವುದಿಲ್ಲವಲ್ಲ. ಅಲ್ಲೇ ಉಳಿದ. ಸುತ್ತ ಊರಿರಲಿಲ್ಲ. ಸಾಯುವವರೆಗೂ ರಾತ್ರಿ ಬಾಗಿಲಲ್ಲಿ ದೀಪ ಹಚ್ಚಿಡುತ್ತಿದ್ದನಂತೆ, ಯಾರಾದರೂ ದಾರಿ ತಪ್ಪಿ ಬಂದಾರು ಎಂದು."

ಭಾವ ತಟ್ಟೆಯ ಸಾರಿನಲ್ಲಿ ಬೆರಳಾಡಿಸುತ್ತಾ, "ಹಾಗಾದರೆ ಸ್ಟೇಷನ್ನಿನ ಜಾಗ ಗೊತ್ತಾಗುವವರೆಗೆ ಕಾಯುವ" ಎಂದು ತುಳುವಿನಲ್ಲಿ ಹೇಳಿದರು. ಗೆದ್ದೆವು ಎಂದು ನಾನು ಅಂದುಕೊಂಡೆ.

ಆಗ ಅಕ್ಕ ಹೇಳಿದಳು: "ಸ್ಟೇಷನ್ ನಮ್ಮ ಜಗಲಿಗೇ ಬರಲಿ. ನಾನು ಬರುವುದಿಲ್ಲ."

ಭಾವ ತಲೆಯೆತ್ತಿದರು. ನಾನೂ ಎತ್ತಿದೆ.

"ಅಲ್ಲಿ ನಾನು ಸದಾನಂದನ ಹೆಂಡತಿ, ಆ ಮನೆಯ ದೊಡ್ಡ ಸೊಸೆ. ಇಲ್ಲಿ ವನಜ. ಬೆಳಿಗ್ಗೆ ಎದ್ದು ಕಾರಿನ ಕೀ ತೆಗೆದುಕೊಂಡರೆ ಎಲ್ಲಿಗೆ ಅಂತ ಕೇಳುವವರಿಲ್ಲ. ನನಗೆ ಇಲ್ಲಿ ಇಷ್ಟ ಉಂಟು. ಲಾಡ್ಜ್ ನಡೆದರೂ ನನಗೆ ಬೇಡ, ನಡೆಯದಿದ್ದರೂ ಬೇಡ."

ನನ್ನನ್ನು ಸಮುದ್ರ ದಾಟಿಸಿ ಕರೆಸಿದ ಕಾರಣ ನನಗೆ ತಿಳಿದದ್ದು ಆಗಲೇ. ಲಾಡ್ಜಿನ ನಷ್ಟದ ಬಗ್ಗೆ ನಾನು ಸಿದ್ಧಮಾಡಿಕೊಂಡು ಬಂದಿದ್ದ ಭಾಷಣವೆಲ್ಲ ಬೇರೆ ಯಾರದೋ ವಿಳಾಸಕ್ಕೆ ಬರೆದಂತಿತ್ತು. ಭಾವ ಹೆಂಡತಿಯನ್ನು ನೋಡುತ್ತಾ ಕುಳಿತರು. ಹ್ಯಾರಲ್ಡ್ ಏನೂ ಅರ್ಥವಾಗದೆ ರೊಟ್ಟಿಯ ಇನ್ನೊಂದು ಚೂರನ್ನು ಬಾಯಿಗಿಟ್ಟರು. ಆ ಮೌನದಲ್ಲಿ ಅದು ಕಟ್ಟಿಗೆ ಮುರಿದಷ್ಟು ಜೋರಾಗಿ ಕೇಳಿಸಿತು. ಅವರು ಅಗಿಯುವುದನ್ನು ನಿಲ್ಲಿಸಿ, ಏನು ವಿಷಯವೆಂದು ನನ್ನನ್ನು ಕೇಳಿದರು.

"ಸ್ಟೇಷನ್ ಎಲ್ಲಿ ಬರಬೇಕು ಅಂತ ಚರ್ಚೆ" ಎಂದೆ.

"ಕಷ್ಟದ ವಿಷಯ" ಎಂದು ಅವರು ತಲೆಯಾಡಿಸಿದರು.

ಹೊರಡುವಾಗ ಅವರು ಇನ್ನೊಂದು ಸುದ್ದಿ ಹೇಳಿದರು. ಅವರ ಕೆಲಸದ ಅವಧಿ ಮುಗಿಯುತ್ತಿತ್ತು. ರೋವರಿಗೇ ಹಿಂತಿರುಗುತ್ತಿದ್ದರು. ಅಲ್ಲಿ ಯಾರೂ ಇಲ್ಲವಲ್ಲ ಎಂದು ಅಕ್ಕ ಕೇಳಿದ್ದಕ್ಕೆ, ತಂಗಿ ಇದ್ದಾಳೆ ಎಂದರು. ಅವಳು ಊರಿನ ಪೋಸ್ಟ್ ಆಫೀಸ್ ನೋಡಿಕೊಳ್ಳುತ್ತಾಳೆ. ಇನ್ನೂ ಒಬ್ಬರು ಕಡಿಮೆಯಾದರೆ ಅದನ್ನು ಮುಚ್ಚುತ್ತಾರಂತೆ. "ನನಗೆ ದಿನಾ ಯಾರಾದರೂ ಕಾಗದ ಬರೆಯುತ್ತಿರಬೇಕು, ಅಷ್ಟೇ" ಎಂದರು. ಭಾವ ಅವರ ವಿಳಾಸ ಬರೆದುಕೊಂಡರು.

ಮರಳಿ ಸೀಬಿಗೆ

ಆಮೇಲಿನ ದಿನಗಳಲ್ಲಿ ಭಾವ ಲಾಡ್ಜಿನ ಸುದ್ದಿ ಎತ್ತಲಿಲ್ಲ. ಸಿಟ್ಟಿರಲಿಲ್ಲ. ಮನೆಯೊಳಗೆ ಹೊಸಬರೊಬ್ಬರು ಬಂದಂತೆ ಅಕ್ಕನನ್ನು ಆಗಾಗ ನೋಡುತ್ತಿದ್ದರು. ನಾನು ಹೊರಡುವ ದಿನ ಅಕ್ಕನೇ ಕಾರು ಓಡಿಸಿದಳು. ಬೋಳು ಬೆಟ್ಟಗಳ ನಡುವೆ ಅರ್ಧ ದಾರಿ ಬಂದ ಮೇಲೆ ಹಿಂದಿನ ಸೀಟಿನಿಂದ ಭಾವ ಹೇಳಿದರು:

"ಇಲ್ಲಿ ಇಷ್ಟ ಉಂಟು ಅಂತ ಇಷ್ಟು ವರ್ಷದಲ್ಲಿ ಒಂದು ಸಲ ಹೇಳಿದ್ದರೆ ನಾನು ಲಾಡ್ಜಿಗೆ ಹೆಸರು ಹುಡುಕುತ್ತಾ ಕೂರುತ್ತಿರಲಿಲ್ಲ. ನಿನಗೆ ಊರು ನೆನಪಾಗ್ತದೆ ಅಂತ ತಿಳ್ಕೊಂಡಿದ್ದೆ."

"ಕೇಳಿದ್ದರೆ ಹೇಳುತ್ತಿದ್ದೆ."

"ಈಗ ಕೇಳಿದೆ ಅಲ್ವಾ."

"ಈಗ ಹೇಳಿದೆ ಅಲ್ವಾ" ಎಂದು ಅಕ್ಕ ಲಾರಿಯೊಂದನ್ನು ಹಿಂದೆ ಹಾಕಿದಳು.

ಬೊಳ್ಳಬೆಟ್ಟು

ಕೆಲವು ವರ್ಷ ಕಳೆದು ಕರಾವಳಿಗೆ ರೈಲು ಬಂತು. ಸ್ಟೇಷನ್ ಆದದ್ದು ಪಕ್ಕದ ಊರಿನಲ್ಲಿ. ಆ ಸಲ ರಜೆಗೆ ಬಂದ ಅಕ್ಕ, ಭಾವ, ಜೊತೆಗೆ ನಾನು ರೈಲು ನೋಡಲೆಂದು ಗದ್ದೆಯ ಬದುವಿನಲ್ಲಿ ನಿಂತೆವು. ಊರಿನ ಅರ್ಧ ಜನ ಅಲ್ಲೇ ಇದ್ದರು. ರೈಲು ದೂರದ ತಿರುವಿನಲ್ಲಿ ಕಾಣಿಸಿಕೊಂಡು, ನಮ್ಮ ಹತ್ತಿರ ಬರುವಾಗ ಗತಿ ಕಡಿಮೆ ಮಾಡಿ, ಉದ್ದಕ್ಕೆ ಕೂಗಿ, ಮತ್ತೆ ವೇಗ ಹಿಡಿದು ಹೋಯಿತು. ಕಿಟಕಿಗಳಲ್ಲಿ ಯಾರೋ ಕೈ ಬೀಸಿದರು. ಭಾವನೂ ಬೀಸಿದರು, ಕೊನೆಯ ಡಬ್ಬಿ ಮರೆಯಾಗುವವರೆಗೂ.

"ನೋಡಿದ್ಯಾ," ಎಂದರು ಅಕ್ಕನಿಗೆ, "ನಮ್ಮೂರಿನ ಹತ್ತಿರ ಸ್ವಲ್ಪ ನಿಧಾನ ಮಾಡಿದ."

"ಹಳಿಯಲ್ಲಿ ಎಮ್ಮೆ ಇತ್ತು" ಎಂದಳು ಅಕ್ಕ.

"ಯಾರ ಎಮ್ಮೆ?"

"ನಮ್ಮದೇ."

ಭಾವ ಒಂದು ಕ್ಷಣ ಯೋಚಿಸಿದರು. ಅವರ ಮುಖದಲ್ಲಿ ನಿಧಾನವಾಗಿ ಒಂದು ತೃಪ್ತಿ ಮೂಡಿತು. ಪಂಚೆ ಎತ್ತಿ ಕಟ್ಟಿ, ಎಮ್ಮೆಯನ್ನು ಕರೆತರಲು ಹಳಿಯ ಕಡೆ ನಡೆದರು.